ಮದರಾಸಿನ ತಾಯಿ-ಮಕ್ಕಳ ಆರೋಗ್ಯಕೇಂದ್ರಗಳು: ಬೋಧನೆಯಿಂದ ಪೋಷಣೆಯೆಡೆಗೆ

1. ಪ್ರಸ್ತಾವನೆ

ಆಸ್ಪತ್ರೆಯೊಂದರ ಚರಿತ್ರೆಯನ್ನು ಬರೆಯುವುದು ಅಷ್ಟು ಕಷ್ಟದ ಕೆಲಸವಲ್ಲ. ಅದಕ್ಕೆ ಅಡಿಗಲ್ಲು ಇರುತ್ತದೆ, ದಾನಿಗಳ ಹೆಸರು ಕೆತ್ತಿದ ಫಲಕ ಇರುತ್ತದೆ, ಅಧೀಕ್ಷಕರ ಪಟ್ಟಿ ಇರುತ್ತದೆ, ವಾರ್ಷಿಕ ವರದಿಗಳು ಇರುತ್ತವೆ. ಬೀದಿಯಿಂದ ಬೀದಿಗೆ ನಡೆದು ಬಸುರಿಯರ ಹೆಸರು ಬರೆದುಕೊಂಡು, ರಾತ್ರಿ ಕರೆ ಬಂದಾಗ ಕತ್ತರಿ, ದಾರ, ಸಾಬೂನುಗಳ ಚೀಲವನ್ನು ಹಿಡಿದು ಹೊರಟ ಹೆಂಗಸಿನ ಕೆಲಸಕ್ಕೆ ಇಂಥ ಯಾವ ಗುರುತೂ ಉಳಿಯುವುದಿಲ್ಲ. ತಾಯಿ ಮತ್ತು ಶಿಶುಗಳ ಆರೋಗ್ಯಕ್ಕಾಗಿ ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಮದರಾಸು ನಗರದಲ್ಲಿ ಹುಟ್ಟಿಕೊಂಡ ಕೇಂದ್ರಗಳ ಚರಿತ್ರೆ ಬಹುಮಟ್ಟಿಗೆ ಈ ಎರಡನೆಯ ಬಗೆಯದು. ಪ್ರಸ್ತುತ ಲೇಖನದಲ್ಲಿ ಆ ಕೇಂದ್ರಗಳ ಹಿನ್ನೆಲೆ, ಅವು ನಂಬಿದ್ದ ತತ್ತ್ವ ಮತ್ತು ಆ ತತ್ತ್ವಕ್ಕೆ ಎದುರಾದ ಸಾಕ್ಷ್ಯಗಳನ್ನು ನಾವು ಪರಿಶೀಲಿಸಿದ್ದೇವೆ. ನಗರಕ್ಕೆ 1996ರಲ್ಲಿ ಚೆನ್ನೈ ಎಂಬ ಹೆಸರು ಅಧಿಕೃತವಾಯಿತು. ನಾವು ಚರ್ಚಿಸುವ ಕಾಲಕ್ಕೆ ಹೊಂದುವಂತೆ ಇಲ್ಲಿ ಮದರಾಸು ಎಂಬ ರೂಪವನ್ನೇ ಬಳಸಿದ್ದೇವೆ.

ಕನ್ನಡ ಅಧ್ಯಯನಕ್ಕೂ ಮದರಾಸಿನ ಹೆರಿಗೆ ಆಸ್ಪತ್ರೆಗಳಿಗೂ ಏನು ಸಂಬಂಧ ಎಂಬ ಪ್ರಶ್ನೆ ಏಳುವುದು ಸಹಜ. ಬಳ್ಳಾರಿ ಜಿಲ್ಲೆಯ ಬಹುಭಾಗ 1953ರ ಅಕ್ಟೋಬರಿನಲ್ಲಿ ಮೈಸೂರಿಗೆ ಸೇರುವವರೆಗೆ, ದಕ್ಷಿಣ ಕನ್ನಡ ಮತ್ತು ಕೊಳ್ಳೇಗಾಲ 1956ರ ನವೆಂಬರಿನಲ್ಲಿ ಸೇರುವವರೆಗೆ, ಈ ಪ್ರದೇಶಗಳ ಆಡಳಿತ ಮದರಾಸಿನಿಂದಲೇ ನಡೆಯುತ್ತಿತ್ತು. ಮಂಗಳೂರಿನ ಬಾಣಂತಿಗೂ ಕಾಸರಗೋಡಿನ ಬಾಣಂತಿಗೂ ಹೊಸಪೇಟೆಯ ಬಾಣಂತಿಗೂ ಅನ್ವಯಿಸಿದ ಕಾಯಿದೆ, ಸೂಲಗಿತ್ತಿಯ ನೋಂದಣಿಯ ನಿಯಮ, ಆರೋಗ್ಯಾಧಿಕಾರಿಯ ಹುದ್ದೆ ಎಲ್ಲವೂ ಮದರಾಸಿನಲ್ಲಿ ರೂಪುಗೊಂಡವು. ಆದ್ದರಿಂದ ಕನ್ನಡ ನಾಡಿನ ತಾಯಂದಿರ ಚರಿತ್ರೆಯ ಒಂದು ಗಣ್ಯ ಭಾಗವನ್ನು ಕರ್ನಾಟಕದ ಹೊರಗೆ ಹುಡುಕಬೇಕಾಗಿದೆ.

ನಮ್ಮ ಪ್ರತಿಪಾದನೆಯನ್ನು ಮೊದಲೇ ಹೇಳಬಹುದು. ತಾಯಿಯ ಮತ್ತು ಸೂಲಗಿತ್ತಿಯ ಅಜ್ಞಾನವೇ ಸಾವಿಗೆ ಮುಖ್ಯ ಕಾರಣ ಎಂಬ ನಂಬಿಕೆಯ ಮೇಲೆ ಈ ಕೇಂದ್ರಗಳು ನಿಂತವು. ಬೋಧನೆಯೇ ಅವುಗಳ ಮುಖ್ಯ ಕಾರ್ಯವಾಯಿತು. ಆದರೆ ತಾಯಿಯ ರಕ್ತಹೀನತೆಗೆ ಅವಳು ಉಣ್ಣುವ ಅನ್ನವೂ ಕಾರಣವೆಂಬುದನ್ನು 1931ರ ವೇಳೆಗೆ ತೋರಿಸಿಕೊಟ್ಟದ್ದರಲ್ಲಿ ಮದರಾಸಿನದೇ ಒಂದು ಆಸ್ಪತ್ರೆಯ ಪಾಲಿದೆ. ಬೋಧನೆಯಿಂದ ಪೋಷಣೆಯ ಕಡೆಗೆ ನಡೆಯಬೇಕಾಗಿದ್ದ ಆ ದಾರಿ ಇಂದಿಗೂ ಪೂರ್ತಿಯಾಗಿಲ್ಲ.

2. ಆಸ್ಪತ್ರೆಯ ಕಾಲ

ಮದರಾಸಿನ ಎಗ್ಮೋರಿನಲ್ಲಿ 1844ರಲ್ಲಿ ಹೆರಿಗೆ ಆಸ್ಪತ್ರೆಯೊಂದು ಪ್ರಾರಂಭವಾಯಿತು. ಭಾರತದಲ್ಲಿ ಹೆರಿಗೆಗೆಂದೇ ಮೀಸಲಾದ ಅತ್ಯಂತ ಹಳೆಯ ಆಸ್ಪತ್ರೆಗಳಲ್ಲಿ ಇದೂ ಒಂದು. 1880ರ ದಶಕದ ಆರಂಭದಲ್ಲಿ ಅದು ಪ್ಯಾಂಥಿಯನ್ ರಸ್ತೆಯ ಸಮೀಪದ ಈಗಿನ ನೆಲೆಗೆ ಬಂದಿತು. ಸರ್ಕಾರಿ ಮಹಿಳೆಯರ ಮತ್ತು ಮಕ್ಕಳ ಆಸ್ಪತ್ರೆ ಎಂಬ ಹೆಸರಿನಲ್ಲಿ ಪ್ರಸಿದ್ಧವಾಯಿತು. ಉತ್ತರ ಮದರಾಸಿನ ರಾಯಪುರದಲ್ಲಿ ರಾಜಾ ಸರ್ ಸವಲೈ ರಾಮಸ್ವಾಮಿ ಮುದಲಿಯಾರರ ದಾನದಿಂದ 1880ರಲ್ಲಿ ಇನ್ನೊಂದು ಹೆರಿಗೆ ಆಸ್ಪತ್ರೆ ತಲೆಯೆತ್ತಿತು. ಬಂದರಿನ ಕೂಲಿಗಳೂ ಬೆಸ್ತರೂ ದಟ್ಟವಾಗಿ ನೆಲೆಸಿದ್ದ ಆ ಭಾಗಕ್ಕೆ ಅದರ ಅಗತ್ಯವಿತ್ತು.

ಎಗ್ಮೋರಿನ ಆಸ್ಪತ್ರೆಗೆ ವೈದ್ಯಶಿಕ್ಷಣದ ಚರಿತ್ರೆಯಲ್ಲಿಯೂ ಸ್ಥಾನವಿದೆ. ಮದರಾಸಿನಲ್ಲಿ ವಕೀಲರಾಗಿದ್ದವರೊಬ್ಬರ ಪತ್ನಿಯಾಗಿ 1866ರಲ್ಲಿ ಇಂಗ್ಲೆಂಡಿನಿಂದ ಬಂದ ಮೇರಿ ಶಾರ್ಲೀಬ್ ಅವರು, ಪುರುಷ ವೈದ್ಯರ ಮುಂದೆ ಬರಲೊಪ್ಪದ ಹೆಂಗಸರು ಹೆರಿಗೆಯಲ್ಲಿ ನೆರವಿಲ್ಲದೆ ಸಾಯುವ ಸಂಗತಿಯನ್ನು ಕೇಳಿ, ಮೊದಲು ಈ ಆಸ್ಪತ್ರೆಯಲ್ಲಿ ಸೂಲಗಿತ್ತಿಯ ವಿದ್ಯೆಯನ್ನು ಕಲಿತರು. 1875ರಲ್ಲಿ ಮದರಾಸು ಮೆಡಿಕಲ್ ಕಾಲೇಜು ನಾಲ್ವರು ಹೆಂಗಸರಿಗೆ ಪ್ರವೇಶ ಕೊಟ್ಟಾಗ ಆಕೆ ಅವರಲ್ಲೊಬ್ಬರಾಗಿದ್ದರು. ಲಂಡನ್ನಿನಲ್ಲಿ ಉನ್ನತ ಪದವಿ ಪಡೆದು 1883ರಲ್ಲಿ ಹಿಂದಿರುಗಿದ ಆಕೆಯ ಪ್ರಯತ್ನದ ಫಲವಾಗಿ 1885ರಲ್ಲಿ ನುಂಗಂಬಾಕ್ಕಂನಲ್ಲಿ ವಿಕ್ಟೋರಿಯಾ ರಾಣಿಯ ಹೆಸರಿನ, ‘ಜಾತಿ ಮತ್ತು ಗೋಷಾ’ ಸ್ತ್ರೀಯರಿಗಾಗಿ ಮೀಸಲಾದ ಆಸ್ಪತ್ರೆ ಆರಂಭವಾಯಿತು. ವೆಂಕಟಗಿರಿಯ ರಾಜರ ನೆರವಿನಿಂದ 1890ರಲ್ಲಿ ಅದು ತಿರುವಲ್ಲಿಕೇಣಿಯ ಬಳಿಯ ಚೇಪಾಕಿಗೆ ಸ್ಥಳಾಂತರಗೊಂಡಿತು. ಸ್ವಾತಂತ್ರ್ಯಾನಂತರ ಅದೇ ಕಸ್ತೂರಬಾ ಗಾಂಧಿ ಆಸ್ಪತ್ರೆಯಾಯಿತು. ನಮ್ಮ ಚರ್ಚೆಯಲ್ಲಿ ಅದು ಮತ್ತೊಮ್ಮೆ ಬರಲಿದೆ.

ಆಸ್ಪತ್ರೆಯ ಹೆಸರಿನಲ್ಲಿಯೇ ‘ಜಾತಿ’ ಎಂಬ ಮಾತು ಸೇರಿಕೊಂಡದ್ದನ್ನು ನಾವು ಗಮನಿಸಬೇಕು. ಮೇಲುಜಾತಿಯ ಹಿಂದೂ ಸ್ತ್ರೀಯರೂ ಪರದೆಯನ್ನು ಪಾಲಿಸುವ ಮುಸ್ಲಿಂ ಸ್ತ್ರೀಯರೂ ಮನೆಯಿಂದ ಹೊರಬರಬೇಕಾದರೆ ಅವರ ಆಚಾರಕ್ಕೆ ಕುಂದು ಬಾರದೆಂಬ ಭರವಸೆ ಕೊಡಬೇಕಾಗಿತ್ತು. ಅದೇ ವರ್ಷ, ಎಂದರೆ 1885ರಲ್ಲಿ, ವೈಸರಾಯ್ ಪತ್ನಿ ಲೇಡಿ ಡಫರಿನ್ ಹೆಸರಿನಲ್ಲಿ ಸ್ಥಾಪಿತವಾದ ನಿಧಿಯೂ ಇದೇ ದೃಷ್ಟಿಯಿಂದ ಮಹಿಳಾ ವೈದ್ಯರನ್ನು ಒದಗಿಸಲು ಹೊರಟಿತು. ಹೀಗೆ ಹತ್ತೊಂಬತ್ತನೆಯ ಶತಮಾನದ ಯತ್ನಗಳೆಲ್ಲ ‘ಹೆಂಗಸರು ಆಸ್ಪತ್ರೆಗೆ ಏಕೆ ಬರುವುದಿಲ್ಲ’ ಎಂಬ ಪ್ರಶ್ನೆಯ ಸುತ್ತ ತಿರುಗಿದವು. ಬಹುಸಂಖ್ಯೆಯ ಹೆರಿಗೆಗಳು ಮನೆಯಲ್ಲಿಯೇ ಆಗುತ್ತಿರುವಾಗ ಆಸ್ಪತ್ರೆಯೇ ಮನೆಗೆ ಹೋಗಬೇಕಲ್ಲವೆ ಎಂಬ ಪ್ರಶ್ನೆ ಬಲವಾಗಿ ಎದ್ದದ್ದು ಮುಂದಿನ ಶತಮಾನದಲ್ಲಿ.

3. ಸೂಲಗಿತ್ತಿಯ ಮೇಲಿನ ಆರೋಪ

ಮನೆಗೆ ಹೋದ ವೈದ್ಯಕ್ಕೆ ಅಲ್ಲಿ ಮೊದಲು ಎದುರಾದವಳು ಸೂಲಗಿತ್ತಿ. ಕನ್ನಡದ ಈ ಪದದಲ್ಲಿರುವ ‘ಸೂಲ್’ ಎಂಬುದು ತಮಿಳಿನಲ್ಲಿ ಗರ್ಭವೆಂಬ ಅರ್ಥದಲ್ಲಿ ಉಳಿದಿದೆ. ಪದವು ಎಷ್ಟು ಹಳೆಯದೋ ವೃತ್ತಿಯೂ ಅಷ್ಟೇ ಹಳೆಯದು. ತಮಿಳು ಪ್ರದೇಶದಲ್ಲಿ ಅವಳಿಗೆ ಮರುತ್ತುವಚ್ಚಿ ಎಂಬ ಹೆಸರಿತ್ತು. ಅಲ್ಲಿ ಈ ವೃತ್ತಿ ಸಾಮಾನ್ಯವಾಗಿ ಕ್ಷೌರಿಕ ಸಮುದಾಯದ ಹೆಂಗಸರಿಗೆ ಸೇರಿದ್ದು. ಹೆರಿಗೆಯ ನೆತ್ತರು ಮೈಲಿಗೆಯೆಂಬ ಭಾವನೆಯಿಂದಾಗಿ ಈ ಕೆಲಸ ಕೆಳಜಾತಿಯವರ ಪಾಲಾಯಿತು. ಪುರುಡಿನ ಮನೆಯಲ್ಲಿ ಅತ್ಯಗತ್ಯಳಾದವಳು ಪುರುಡು ಕಳೆದ ಮೇಲೆ ಹೊಸಿಲು ದಾಟುವಂತಿರಲಿಲ್ಲ.

ವೈದ್ಯಕೀಯ ವರದಿಗಳು ಇವಳನ್ನು ಸಾವಿನ ಮೂಲವೆಂಬಂತೆ ಚಿತ್ರಿಸಿದವು. ಈ ಆರೋಪದಲ್ಲಿ ಸತ್ಯಾಂಶ ಇರಲಿಲ್ಲವೆಂದು ಹೇಳುವಂತಿಲ್ಲ. ಹೊಕ್ಕಳುಬಳ್ಳಿಯನ್ನು ತೊಳೆಯದ ಕುಡುಗೋಲಿನಿಂದಲೋ ಬಿದಿರಿನ ಸಿಗುರಿನಿಂದಲೋ ಕತ್ತರಿಸಿ ಬೂದಿ ಅಥವಾ ಸಗಣಿ ಮೆತ್ತಿದಾಗ ಧನುರ್ವಾಯುವಿನ ರೋಗಾಣು ಒಳಹೊಕ್ಕು, ಹುಟ್ಟಿದ ಒಂದೆರಡು ವಾರದೊಳಗೆ ಮಗು ಬಾಯಿ ಕಚ್ಚಿಕೊಂಡು, ಹಾಲೆಳೆಯಲಾರದೆ, ಸೆಟೆದು ಸಾಯುತ್ತಿತ್ತು. ತೊಳೆಯದ ಕೈಯಿಂದ ಗರ್ಭದ್ವಾರವನ್ನು ಮುಟ್ಟಿದರೆ ತಾಯಿಗೆ ನಂಜೇರಿ ಜ್ವರ ಬರುತ್ತಿತ್ತು. ನಮ್ಮ ಜನ ಬಾಣಂತಿ ಸನ್ನಿ ಎಂದು ಹೆದರುತ್ತಿದ್ದ ಸ್ಥಿತಿಗಳಲ್ಲಿ ಇದೂ ಸೇರುತ್ತದೆ. ಕುದಿಸಿದ ಕತ್ತರಿ, ಕುದಿಸಿದ ದಾರ, ಸಾಬೂನಿನಿಂದ ತೊಳೆದ ಕೈ, ಕತ್ತರಿಸಿಕೊಂಡ ಉಗುರು, ಇಷ್ಟರಿಂದಲೇ ಈ ಸಾವುಗಳಲ್ಲಿ ಎಷ್ಟನ್ನೋ ತಡೆಯಬಹುದಾಗಿತ್ತು. ಲೇಡಿ ಕರ್ಜನ್ 1903ರಲ್ಲಿ ಆರಂಭಿಸಿದ ವಿಕ್ಟೋರಿಯಾ ಸ್ಮಾರಕ ವಿದ್ಯಾರ್ಥಿವೇತನ ನಿಧಿಯು ಸೂಲಗಿತ್ತಿಯರಿಗೆ ತರಬೇತಿ ಕೊಡಲು ಮುಂದಾದದ್ದು ಈ ಕಾರಣದಿಂದ. 1926ರ ಮದರಾಸು ದಾದಿಯರ ಮತ್ತು ಸೂಲಗಿತ್ತಿಯರ ಕಾಯಿದೆಯು ತರಬೇತಿ ಪಡೆದವರ ನೋಂದಣಿಗೆ ಅವಕಾಶ ಮಾಡಿಕೊಟ್ಟಿತು.

ಆದರೆ ಆರೋಪದ ಇನ್ನೊಂದು ಮುಖವನ್ನೂ ನೋಡಬೇಕು. ಆಸ್ಪತ್ರೆಯಲ್ಲಿ ಕಲಿತ ಮಿಡ್‌ವೈಫ್ ಹೆರಿಗೆ ಮಾಡಿಸಿ ಹೊರಟುಹೋಗುತ್ತಿದ್ದಳು. ಸೂಲಗಿತ್ತಿ ಬಾಣಂತಿಗೆ ಎರೆಯುತ್ತಿದ್ದಳು, ಮಗುವಿಗೆ ಎಣ್ಣೆ ಹಚ್ಚುತ್ತಿದ್ದಳು, ಮಾಸನ್ನು ಹೂಳುತ್ತಿದ್ದಳು, ಬಟ್ಟೆ ಒಗೆಯುತ್ತಿದ್ದಳು. ಇದಕ್ಕೆಲ್ಲ ಪ್ರತಿಫಲವಾಗಿ ಅವಳಿಗೆ ಸಿಗುತ್ತಿದ್ದುದು ಒಂದಿಷ್ಟು ಅಕ್ಕಿ, ಒಂದು ಹಳೆಯ ಸೀರೆ, ಕೆಲವು ಕಾಸು. ಬಡವರ ಮನೆಗಳಿಗೆ ಇವಳಲ್ಲದೆ ಬೇರೆ ಗತಿಯಿರಲಿಲ್ಲ. ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು ತಮ್ಮ ಜೀವಮಾನದಲ್ಲಿ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಪ್ರತಿಫಲದ ಅಪೇಕ್ಷೆಯಿಲ್ಲದೆ ಮಾಡಿಸಿದರೆಂದು ಖ್ಯಾತರಾಗಿ, 2018ರಲ್ಲಿ ಪದ್ಮಶ್ರೀ ಪ್ರಶಸ್ತಿಯನ್ನು ಪಡೆದು ಅದೇ ವರ್ಷದ ಡಿಸೆಂಬರಿನಲ್ಲಿ ನಿಧನರಾದರು. ವಸಾಹತು ಕಾಲದ ವರದಿಗಳು ಕಂಡ ಸೂಲಗಿತ್ತಿಗೂ ರಾಷ್ಟ್ರವು ಗೌರವಿಸಿದ ಈ ಸೂಲಗಿತ್ತಿಗೂ ನಡುವೆ ಇರುವ ಅಂತರವನ್ನು ಚರಿತ್ರೆಕಾರರು ವಿವರಿಸಬೇಕಾಗಿದೆ.

4. ಕೇಂದ್ರಗಳ ಉದಯ

ಶಿಶುಗಳಿಗಾಗಿ ಪ್ರತ್ಯೇಕ ಕೇಂದ್ರವೆಂಬ ಕಲ್ಪನೆ ಮೊದಲು ಬೆಳೆದದ್ದು ಯುರೋಪಿನಲ್ಲಿ. ಪ್ಯಾರಿಸ್ಸಿನ ಪಿಯೆರ್ ಬ್ಯೂಡೆಂ 1892ರಲ್ಲಿ ಹಸುಗೂಸುಗಳ ತಪಾಸಣೆಯನ್ನು ಆರಂಭಿಸಿದರು. 1894ರಲ್ಲಿ ಫ್ರಾನ್ಸಿನ ಫೆಕಾಂ ಪಟ್ಟಣದಲ್ಲಿ ಲಿಯೋಂ ಡ್ಯುಫೂರ್ ಶುದ್ಧ ಹಾಲನ್ನು ಹಂಚುವ ಕೇಂದ್ರವನ್ನು ತೆರೆದರು. 1899ರಲ್ಲಿ ಇಂಗ್ಲೆಂಡಿನ ಸೇಂಟ್ ಹೆಲೆನ್ಸ್ ನಗರಸಭೆ ಅದನ್ನು ಅನುಸರಿಸಿತು. 1907ರಲ್ಲಿ ಲಂಡನ್ನಿನ ಸೇಂಟ್ ಪ್ಯಾಂಕ್ರಾಸಿನಲ್ಲಿ ‘ತಾಯಂದಿರ ಶಾಲೆ’ ಪ್ರಾರಂಭವಾಯಿತು. ಯುದ್ಧದಲ್ಲಿ ಯುವಕರನ್ನು ಕಳೆದುಕೊಂಡ ಬ್ರಿಟನ್ 1918ರಲ್ಲಿ ತಾಯಿ-ಮಕ್ಕಳ ಕಲ್ಯಾಣಕ್ಕಾಗಿ ಪ್ರತ್ಯೇಕ ಕಾಯಿದೆಯನ್ನೇ ಮಾಡಿತು.

ಈ ಮಾದರಿಯು ಮದರಾಸಿಗೆ ಬಂದದ್ದೂ ಮೊದಲನೆಯ ಮಹಾಯುದ್ಧದ ಆಸುಪಾಸಿನಲ್ಲಿಯೇ. 1910ರ ದಶಕದ ಕೊನೆಯ ವೇಳೆಗೆ ಮದರಾಸು ಕಾರ್ಪೊರೇಷನ್ ಶಿಶುಕಲ್ಯಾಣ ಯೋಜನೆಯನ್ನು ಕೈಗೆತ್ತಿಕೊಂಡಿತ್ತು. 1918ರಲ್ಲಿ ದಿಲ್ಲಿಯಲ್ಲಿ ಆರೋಗ್ಯ ಸಂದರ್ಶಕಿಯರ ತರಬೇತಿ ಶಾಲೆ ಆರಂಭವಾಯಿತು. 1920ರಲ್ಲಿ ಲೇಡಿ ಚೆಮ್ಸ್‌ಫರ್ಡ್ ಹೆಸರಿನ ಅಖಿಲ ಭಾರತ ತಾಯಿ-ಮಕ್ಕಳ ಕಲ್ಯಾಣ ಸಂಘ ಹುಟ್ಟಿತು. 1924ರಿಂದ ಲೇಡಿ ರೀಡಿಂಗ್ ಅವರ ಉತ್ತೇಜನದಿಂದ ದೇಶದಾದ್ಯಂತ ಶಿಶು ಸಪ್ತಾಹಗಳು ನಡೆದವು. ಈ ಸಪ್ತಾಹಗಳಲ್ಲಿ ಚಿತ್ರಪ್ರದರ್ಶನ, ಉಪನ್ಯಾಸ, ಮ್ಯಾಜಿಕ್ ಲ್ಯಾಂಟರ್ನ್ ಆಟ, ದಷ್ಟಪುಷ್ಟ ಶಿಶುವಿಗೆ ಬಹುಮಾನ ಇವೆಲ್ಲ ಇರುತ್ತಿದ್ದವು. ಬಹುಮಾನ ಪಡೆದ ಕೂಸು ಸಾಮಾನ್ಯವಾಗಿ ಉಣ್ಣಲು ಇದ್ದವರ ಮನೆಯ ಕೂಸೇ ಆಗಿರುತ್ತಿತ್ತೆಂಬುದನ್ನು ಊಹಿಸುವುದು ಕಷ್ಟವಲ್ಲ.

ಕೇಂದ್ರದ ದಿನಚರಿಯನ್ನು ಸ್ಥೂಲವಾಗಿ ಹೀಗೆ ವಿವರಿಸಬಹುದು. ಬಡವರು ವಾಸಿಸುವ ಭಾಗದಲ್ಲಿ ಒಂದು ಬಾಡಿಗೆಯ ಮನೆ, ತೂಕದ ತಕ್ಕಡಿ, ಮಗುವಿಗೆ ಸ್ನಾನ ಮಾಡಿಸುವ ಕ್ರಮವನ್ನು ತೋರಿಸಲು ಒಂದು ತೊಟ್ಟಿ, ಕೆಲವು ಸಾಮಾನ್ಯ ಔಷಧಗಳು, ಒಬ್ಬ ಅಥವಾ ಇಬ್ಬರು ಮಿಡ್‌ವೈಫ್‌ಗಳು. ಅವರು ಬೆಳಿಗ್ಗೆ ತಮಗೆ ಒಪ್ಪಿಸಿದ ಬೀದಿಗಳಲ್ಲಿ ತಿರುಗಿ ಬಸುರಿಯರ ಹೆಸರು ದಾಖಲಿಸಬೇಕು, ಹೆರಿಗೆಗೆ ಕರೆದಾಗ ಹೋಗಬೇಕು, ಹೆರಿಗೆಯ ಅನಂತರ ಹತ್ತು ದಿನವಾದರೂ ಮನೆಗೆ ಹೋಗಿ ತಾಯಿಯನ್ನೂ ಮಗುವನ್ನೂ ನೋಡಬೇಕು, ಕಷ್ಟದ ಪ್ರಸವವೆಂದು ತೋರಿದರೆ ಆಸ್ಪತ್ರೆಗೆ ಕಳುಹಿಸಬೇಕು. ನಿಗದಿಯಾದ ದಿನ ವೈದ್ಯೆ ಬಂದು ತಪಾಸಣೆ ನಡೆಸುತ್ತಿದ್ದರು. ಕೇಂದ್ರದ ಪ್ರಾಣವೆಲ್ಲ ಇದ್ದದ್ದು ಈ ಮನೆಭೇಟಿಯಲ್ಲಿ. ತಾಯಿ ಕೇಂದ್ರಕ್ಕೆ ಬರುವುದಕ್ಕಿಂತ ಮೊದಲು ಕೇಂದ್ರವೇ ತಾಯಿಯ ಮನೆಗೆ ಹೋಯಿತು.

ಯುರೋಪಿನ ಮಾದರಿ ಇಲ್ಲಿಗೆ ಹಾಗೆಯೇ ಹೊಂದಲಿಲ್ಲ. ಅಲ್ಲಿ ಕಾರ್ಖಾನೆಗೆ ಹೋಗುವ ತಾಯಂದಿರ ಮಕ್ಕಳು ಬಾಟಲಿಯಲ್ಲಿ ಕೆಟ್ಟ ಹಾಲು ಕುಡಿದು ಬೇಸಿಗೆಯ ಭೇದಿಯಿಂದ ಸಾಯುತ್ತಿದ್ದವು. ಆದ್ದರಿಂದ ಹಾಲಿನ ಕೇಂದ್ರವೇ ಪರಿಹಾರವಾಗಿತ್ತು. ಇಲ್ಲಿ ಎದೆಹಾಲು ಸಾರ್ವತ್ರಿಕವಾಗಿತ್ತು. ಮಗುವಿಗೆ ಹಾಲೂಡಿಸುವ ತಾಯಿಗೇ ಹೊಟ್ಟೆತುಂಬ ಇರಲಿಲ್ಲ. ಜೊತೆಗೆ ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವ ರೂಢಿಯಿಂದಾಗಿ, ಒಂದು ಬೀದಿಯಲ್ಲಿ ಹೆಸರು ಬರೆಸಿದವಳು ಹೆರಿಗೆಯ ಹೊತ್ತಿಗೆ ಆ ಬೀದಿಯಲ್ಲಿರುತ್ತಲೇ ಇರಲಿಲ್ಲ. ಮಿಡ್‌ವೈಫಿನ ದಾಖಲೆಪುಸ್ತಕದಲ್ಲಿ ಅಂಥವಳ ಸಾಲು ಖಾಲಿಯಾಗಿ ಉಳಿಯುತ್ತಿತ್ತು.

ಅಂಕಿ-ಅಂಶಗಳ ವಿಷಯದಲ್ಲಿ ಸಂಶೋಧಕರು ವಹಿಸಬೇಕಾದ ಒಂದು ಎಚ್ಚರವನ್ನು ಇಲ್ಲಿ ಹೇಳುವುದು ಉಚಿತ. 1920ರ ದಶಕದಲ್ಲಿ ಮದರಾಸು ನಗರದ ದಾಖಲಿತ ಶಿಶುಮರಣ ಪ್ರಮಾಣ ಸಾವಿರ ಜನನಗಳಿಗೆ ಇನ್ನೂರನ್ನು ಮೀರಿತ್ತು. ಜನನ-ಮರಣಗಳ ನೋಂದಣಿಗೆ 1899ರ ಪ್ರಾಂತೀಯ ಕಾಯಿದೆ ಆಧಾರವಾಗಿತ್ತು. ಶವವನ್ನು ಹೂಳಲು ಅಥವಾ ಸುಡಲು ಮಸಣದಲ್ಲಿ ಲೆಕ್ಕ ಕೊಡಲೇಬೇಕು. ಜನನವನ್ನು ಮುಚ್ಚಿಡದಿದ್ದರೂ ಹೇಳದೆ ಇರಬಹುದು. ಜನನಗಳು ನೋಂದಣಿಯಾಗದೆ ಮರಣಗಳು ಮಾತ್ರ ನೋಂದಣಿಯಾದರೆ ಪ್ರಮಾಣ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಮನೆಮನೆಗೆ ಹೋಗುವ ಮಿಡ್‌ವೈಫ್ ಪ್ರತಿಯೊಂದು ಜನನವನ್ನೂ ಬರೆದುಕೊಳ್ಳತೊಡಗಿದರೆ, ಒಂದು ಮಗುವೂ ಹೆಚ್ಚಾಗಿ ಬದುಕದಿದ್ದರೂ ಪ್ರಮಾಣ ಇಳಿಯುತ್ತದೆ. ಆದ್ದರಿಂದ ಇಳಿಕೆಯನ್ನೆಲ್ಲ ಕೇಂದ್ರಗಳ ಸಾಧನೆಯೆಂದು ತಿಳಿಯುವ ಮೊದಲು, ಅದರಲ್ಲಿ ಎಷ್ಟು ಭಾಗ ಲೆಕ್ಕದ ಸುಧಾರಣೆಯಿಂದ ಬಂದದ್ದು ಎಂದು ಕೇಳಬೇಕು.

5. ಗೋಷಾ ಆಸ್ಪತ್ರೆಯ ಸಾಕ್ಷ್ಯ

ಕೇಂದ್ರಗಳ ಉಪನ್ಯಾಸಗಳೂ ಪ್ರದರ್ಶನಗಳೂ ‘ತಾಯಿಗೆ ತಿಳಿವಳಿಕೆ ಬಂದರೆ ಸಾವು ಕಡಿಮೆಯಾಗುತ್ತದೆ’ ಎಂಬ ಸೂತ್ರವನ್ನು ನಂಬಿದ್ದವು. ಇದು ಖರ್ಚಿನ ದೃಷ್ಟಿಯಿಂದ ಅನುಕೂಲಕರವಾದ ಸೂತ್ರ. ಉಪನ್ಯಾಸಕ್ಕೆ ತಗಲುವ ವೆಚ್ಚ ಅಲ್ಪ. ಊಟಕ್ಕೆ ತಗಲುವ ವೆಚ್ಚ ಬಹಳ. ಅಜ್ಞಾನಕ್ಕೆ ಹೊಣೆ ತಾಯಿ; ಹಸಿವಿಗೆ ಹೊಣೆ ಯಾರೆಂದು ಕೇಳಹೊರಟರೆ ಕೂಲಿ, ಗೇಣಿ, ತೆರಿಗೆ ಎಲ್ಲವೂ ಚರ್ಚೆಗೆ ಬರುತ್ತವೆ.

ಈ ಸೂತ್ರಕ್ಕೆ ಗಂಭೀರವಾದ ತಿದ್ದುಪಡಿ ತಂದದ್ದು ಡಾ. ಲೂಸಿ ವಿಲ್ಸ್ ಅವರ ಸಂಶೋಧನೆ. ಭಾರತದಲ್ಲಿ ಗರ್ಭಿಣಿಯರ ಸಾವುಗಳ ಕಾರಣಗಳನ್ನು ಶೋಧಿಸುತ್ತಿದ್ದ ಡಾ. ಮಾರ್ಗರೆಟ್ ಬಾಲ್ಫರ್ ಅವರ ಆಹ್ವಾನದ ಮೇಲೆ ವಿಲ್ಸ್ 1928ರಲ್ಲಿ ಮುಂಬಯಿಯ ಹಾಫ್ಕಿನ್ ಸಂಸ್ಥೆಗೆ ಬಂದರು. ಗರ್ಭಿಣಿಯರಲ್ಲಿ ಕಾಣಿಸುತ್ತಿದ್ದ ಒಂದು ಬಗೆಯ ತೀವ್ರ ರಕ್ತಹೀನತೆ ಅವರ ಅಧ್ಯಯನದ ವಿಷಯ. ಇದರಲ್ಲಿ ರಕ್ತದ ಕೆಂಪುಕಣಗಳು ಸಂಖ್ಯೆಯಲ್ಲಿ ಇಳಿದು ಗಾತ್ರದಲ್ಲಿ ಹಿಗ್ಗಿರುತ್ತವೆ. ರೋಗಾಣುವಿನ ಸುಳಿವು ಸಿಗದಿದ್ದಾಗ ವಿಲ್ಸ್ ಆ ಹೆಂಗಸರ ಆಹಾರವನ್ನು ವಿಚಾರಿಸಿದರು. ಬಡ ಹೆಂಗಸರಲ್ಲಿ, ಹಣ್ಣು-ತರಕಾರಿ ತೀರ ಕಡಿಮೆಯಾದ ಊಟವನ್ನು ಉಣ್ಣುವವರಲ್ಲಿ ಈ ರೋಗ ಹೆಚ್ಚಾಗಿರುವುದು ಕಂಡುಬಂದಿತು.

1929ರಲ್ಲಿ ಅವರ ಕೆಲಸ ನೀಲಗಿರಿಯ ಕೂನೂರಿಗೆ ಸ್ಥಳಾಂತರಗೊಂಡಿತು. 1931ರ ಆರಂಭದಲ್ಲಿ ಅವರು ಮದರಾಸಿನ ಜಾತಿ ಮತ್ತು ಗೋಷಾ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದರು. ಕೊರತೆಯ ಆಹಾರದಿಂದ ರಕ್ತಹೀನವಾದ ಕೋತಿಯೊಂದು ಯೀಸ್ಟಿನ ಸಾರವಾದ ಮಾರ್ಮೈಟನ್ನು ಕೊಟ್ಟಾಗ ಚೇತರಿಸಿಕೊಂಡಿತು. ಗರ್ಭಿಣಿಯರಿಗೆ ಕೊಟ್ಟಾಗಲೂ ಅದೇ ಫಲ ದೊರೆಯಿತು. ಯಕೃತ್ತಿನ ಸಾರವೂ ಇದಕ್ಕೆ ಔಷಧವಾಗಿತ್ತು, ಆದರೆ ದುಬಾರಿ; ಯೀಸ್ಟಿನ ಸಾರ ಅಗ್ಗದ್ದು. 1931ರಲ್ಲಿ ಈ ಫಲಿತಾಂಶ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಆ ಸಾರದಲ್ಲಿದ್ದ ಅಜ್ಞಾತ ವಸ್ತುವನ್ನು ಕೆಲಕಾಲ ‘ವಿಲ್ಸ್ ಅಂಶ’ವೆಂದೇ ಕರೆದರು. 1941ರಲ್ಲಿ ಸೊಪ್ಪಿನಿಂದ ಬೇರ್ಪಡಿಸಲಾದ ಫೋಲಿಕ್ ಆಮ್ಲವೇ ಅದೆಂದು ಮುಂದೆ ತಿಳಿದುಬಂದಿತು. ಇಂದು ಅಂಗನವಾಡಿಯಲ್ಲಿಯೂ ಪ್ರಾಥಮಿಕ ಆರೋಗ್ಯಕೇಂದ್ರದಲ್ಲಿಯೂ ಪ್ರತಿ ಗರ್ಭಿಣಿಗೆ ಕೊಡುವ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಗುಳಿಗೆಯ ಚರಿತ್ರೆ ಹೀಗೆ ಚೇಪಾಕಿನ ಆಸ್ಪತ್ರೆಯೊಂದಿಗೂ ಬೆಸೆದುಕೊಂಡಿದೆ.

ಈ ಸಂಶೋಧನೆಯ ಸಾಮಾಜಿಕ ಅರ್ಥವನ್ನು ನಾವು ಒತ್ತಿ ಹೇಳಬೇಕು. ರಕ್ತವಿಲ್ಲದ ತಾಯಿ ಹೆರಿಗೆಯಲ್ಲಿ ಆಗುವ ಸಾಧಾರಣ ರಕ್ತಸ್ರಾವವನ್ನೂ ತಡೆದುಕೊಳ್ಳಲಾರಳು, ನಂಜನ್ನೂ ಎದುರಿಸಲಾರಳು. ಸೂಲಗಿತ್ತಿಯ ಕೈ ಎಷ್ಟೇ ಶುದ್ಧವಾಗಿದ್ದರೂ, ವೈದ್ಯೆ ಎಷ್ಟೇ ನಿಪುಣಳಾಗಿದ್ದರೂ ಅಪಾಯ ತಪ್ಪದು. ಗಂಡಸರೂ ಮಕ್ಕಳೂ ಉಂಡ ಮೇಲೆ ಉಳಿದುದನ್ನು ಉಣ್ಣುವವಳಿಗೆ ‘ಸೊಪ್ಪು, ಹಾಲು, ಹಣ್ಣು ತಿನ್ನು’ ಎಂದು ಬೋಧಿಸಿದರ ಫಲವೇನು? ಬಾಣಂತನದ ನಮ್ಮ ಹಳೆಯ ಪದ್ಧತಿಯಲ್ಲಿ ಅಂಟಿನುಂಡೆ, ಮೆಂತ್ಯ, ಕೊಬ್ಬರಿ, ಬೆಲ್ಲ, ಎಣ್ಣೆಸ್ನಾನ, ತಿಂಗಳುಗಟ್ಟಲೆ ವಿಶ್ರಾಂತಿ ಇದ್ದವು. ನೀರನ್ನೂ ಕೆಲವು ಆಹಾರಗಳನ್ನೂ ನಿಷೇಧಿಸುವ ಕೆಡುಕೂ ಇತ್ತು. ಆದರೆ ಆ ಬಾಣಂತನ ಉಳ್ಳವರದು. ಕೂಲಿ ಮಾಡುವವಳು ಹೆತ್ತ ಕೆಲವೇ ದಿನಗಳಲ್ಲಿ ಬುಟ್ಟಿ ಹೊರಲು ಹೋಗುತ್ತಿದ್ದಳು.

6. ಕನ್ನಡ ಜಿಲ್ಲೆಗಳು ಮತ್ತು ಮೈಸೂರು

1919ರ ಸುಧಾರಣೆಗಳಿಂದ ಸಾರ್ವಜನಿಕ ಆರೋಗ್ಯವು ಪ್ರಾಂತೀಯ ಮಂತ್ರಿಗಳ ಕೈಗೆ ಬಂದಿತು. ಅದರ ನಿತ್ಯದ ಭಾರ ಮುನಿಸಿಪಾಲಿಟಿ ಮತ್ತು ಜಿಲ್ಲಾ ಬೋರ್ಡುಗಳ ಮೇಲೆ ಬಿದ್ದಿತು. ಆದಾಯವಿದ್ದ ನಗರದಲ್ಲಿ ಕೇಂದ್ರಗಳು ಬೆಳೆದವು. ಜಿಲ್ಲೆಗಳಲ್ಲಿ ಮಿಷನ್ನುಗಳ ಮತ್ತು ದಾನಿಗಳ ಪಾತ್ರ ಹೆಚ್ಚಿತು. ಉಡುಪಿಯಲ್ಲಿ 1923ರಲ್ಲಿ ಬಾಸೆಲ್ ಮಿಷನ್ನಿನ ಸ್ವಿಸ್ ವೈದ್ಯೆ ಡಾ. ಈವಾ ಲೊಂಬಾರ್ಡ್ ಅವರು ಹೆಂಗಸರಿಗೂ ಮಕ್ಕಳಿಗೂ ತೆರೆದ ಚಿಕಿತ್ಸಾಲಯವು ಅವರ ಹೆಸರಿನ ಆಸ್ಪತ್ರೆಯಾಗಿ ಬೆಳೆಯಿತು. ಮಂಗಳೂರಿನ ಹೆರಿಗೆ ಆಸ್ಪತ್ರೆಗೆ ಅಂಟಿಕೊಂಡಿರುವ ಲೇಡಿ ಗೋಶೆನ್ ಎಂಬ ಹೆಸರು 1924ರಿಂದ 1929ರವರೆಗೆ ಮದರಾಸಿನ ಗವರ್ನರರಾಗಿದ್ದವರ ಪತ್ನಿಯದು. ದಕ್ಷಿಣ ಕನ್ನಡದ ತಾಯಂದಿರಿಗೂ ಮದರಾಸಿನ ಅಧಿಕಾರ ಕೇಂದ್ರಕ್ಕೂ ಇದ್ದ ನಂಟನ್ನು ಈ ಹೆಸರು ಈಗಲೂ ಸಾರುತ್ತಿದೆ.

ಸ್ತ್ರೀಯರ ರಾಜಕೀಯ ಚಳವಳಿಯಲ್ಲಿಯೂ ಈ ನಂಟನ್ನು ಕಾಣುತ್ತೇವೆ. 1917ರಲ್ಲಿ ಮದರಾಸಿನ ಅಡಯಾರಿನಲ್ಲಿ ಭಾರತೀಯ ಮಹಿಳಾ ಸಂಘ ಸ್ಥಾಪಿತವಾಯಿತು. ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರು 1926ರಲ್ಲಿ ಮದರಾಸು ಶಾಸನಸಭೆಗೆ ಸ್ಪರ್ಧಿಸಿ ಅಲ್ಪ ಮತಗಳಿಂದ ಸೋತರು. ಆ ಸಭೆಗೆ ನಾಮಕರಣಗೊಂಡು 1927ರಲ್ಲಿ ಅದರ ಉಪಾಧ್ಯಕ್ಷೆಯಾದವರು ಡಾ. ಮುತ್ತುಲಕ್ಷ್ಮಿ ರೆಡ್ಡಿ. ಮದರಾಸು ಮೆಡಿಕಲ್ ಕಾಲೇಜಿನಿಂದ 1912ರಲ್ಲಿ ಪದವಿ ಪಡೆದು, ಎಗ್ಮೋರಿನ ಆಸ್ಪತ್ರೆಯಲ್ಲಿ ಕೆಲಸ ಮಾಡಿದ ಆಕೆ ಹೆಂಗಸರ ಮತ್ತು ಮಕ್ಕಳ ವೈದ್ಯಕೀಯ ಸೌಕರ್ಯವನ್ನು ಶಾಸನಸಭೆಯ ಚರ್ಚೆಗೆ ತಂದರು. ತಾಯಂದಿರ ಆರೋಗ್ಯ ಗವರ್ನರರ ಪತ್ನಿಯರ ಔದಾರ್ಯದ ವಿಷಯವಾಗಿದ್ದದ್ದು ಪ್ರಜಾಪ್ರತಿನಿಧಿಗಳ ಹಕ್ಕಿನ ವಿಷಯವಾಗತೊಡಗಿದ್ದು ಈ ಘಟ್ಟದಲ್ಲಿ.

ಮೈಸೂರು ಸಂಸ್ಥಾನದ ದಾರಿ ಭಿನ್ನವಾಗಿತ್ತು. ಅಲ್ಲಿ ಸರ್ಕಾರವೇ ನೇರವಾಗಿ ಮುಂದಾಯಿತು. 1930ರ ಜೂನ್ 11ರಂದು ಹೊರಟ ಆಜ್ಞೆಯಂತೆ ಬೆಂಗಳೂರು ಮತ್ತು ಮೈಸೂರಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನನಿಯಂತ್ರಣದ ಸಲಹಾಕೇಂದ್ರಗಳು ತೆರೆದವು. ಜಗತ್ತಿನಲ್ಲಿ ಸರ್ಕಾರವೊಂದು ಇಂಥ ಕೆಲಸಕ್ಕೆ ಕೈಹಾಕಿದ ಮೊದಲ ನಿದರ್ಶನಗಳಲ್ಲಿ ಇದೂ ಒಂದು. ಮದರಾಸಿನಲ್ಲಿ ಇದೇ ವಿಚಾರವನ್ನು 1928ರಿಂದ ಪ್ರಚಾರ ಮಾಡುತ್ತಿದ್ದುದು ನವಮಾಲ್ಥಸ್ ಲೀಗ್ ಎಂಬ ಖಾಸಗಿ ಸಂಘ. ಪ್ರಾಂತೀಯ ಸರ್ಕಾರ ಒಪ್ಪಿದ್ದು ಕೆಲವು ವರ್ಷಗಳ ಅನಂತರ. ಮೈಸೂರು ಸರ್ಕಾರವು ರಾಕ್‌ಫೆಲರ್ ಪ್ರತಿಷ್ಠಾನದ ಸಹಕಾರದಿಂದ 1930ರ ದಶಕದಲ್ಲಿ ಕ್ಲೋಸ್‌ಪೇಟೆಯಲ್ಲಿ, ಎಂದರೆ ನಂತರದ ರಾಮನಗರದಲ್ಲಿ, ಗ್ರಾಮೀಣ ಆರೋಗ್ಯ ಘಟಕವೊಂದನ್ನು ನಡೆಸಿ, ಆರೋಗ್ಯ ಸಿಬ್ಬಂದಿಗೆ ಹಳ್ಳಿಯಲ್ಲಿಯೇ ತರಬೇತಿ ಕೊಟ್ಟಿತು. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆ 1935ರಲ್ಲಿ ಆರಂಭವಾಯಿತು. ಹೀಗೆ ಒಂದೇ ಭಾಷೆಯನ್ನಾಡುವ ತಾಯಂದಿರು ಎರಡು ಬೇರೆ ಬೇರೆ ಆರೋಗ್ಯ ವ್ಯವಸ್ಥೆಗಳ ಕೆಳಗೆ ಮಕ್ಕಳನ್ನು ಹೆತ್ತರು. ಈ ತೌಲನಿಕ ಅಧ್ಯಯನಕ್ಕೆ ಕನ್ನಡ ಪ್ರದೇಶದಷ್ಟು ಒಳ್ಳೆಯ ಕ್ಷೇತ್ರ ವಿರಳ.

7. ಕಾಯಿದೆಗಳು ಮತ್ತು ಭೋರ್ ಸಮಿತಿ

ಪೋಷಣೆಯ ಪ್ರಶ್ನೆ ಕಾಯಿದೆಯ ರೂಪದಲ್ಲಿ ಮೊದಲು ಕಾಣಿಸಿಕೊಂಡದ್ದು ಕಾರ್ಖಾನೆಯ ಹೆಂಗಸರ ವಿಷಯದಲ್ಲಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1919ರ ಒಡಂಬಡಿಕೆ, 1929ರ ಮುಂಬಯಿ ಕಾಯಿದೆ, ಇವುಗಳ ಅನಂತರ 1934ರ ಮದರಾಸು ಹೆರಿಗೆ ಭತ್ಯೆ ಕಾಯಿದೆ ಬಂದಿತು. ಹೆರಿಗೆಯ ಹಿಂದುಮುಂದಿನ ವಾರಗಳಲ್ಲಿ ರಜೆ ಮತ್ತು ಹಣ ಎಂಬ ತತ್ತ್ವವನ್ನು ಇದು ಅಂಗೀಕರಿಸಿತು. ಆದರೆ ಹೊಲಗೆಲಸದವರು, ಮನೆಗೆಲಸದವರು, ಬೀಡಿ ಕಟ್ಟುವವರು, ಮೀನು ಮಾರುವವರು ಅದರ ಹೊರಗೇ ಉಳಿದರು.

1939ರ ಮದರಾಸು ಸಾರ್ವಜನಿಕ ಆರೋಗ್ಯ ಕಾಯಿದೆ ಭಾರತದಲ್ಲಿ ಈ ಬಗೆಯ ಮೊದಲ ಸಮಗ್ರ ಶಾಸನ. ತಾಯಿ-ಮಕ್ಕಳ ಕಲ್ಯಾಣವನ್ನು ಅದು ಸ್ಥಳೀಯ ಸಂಸ್ಥೆಗಳ ಕರ್ತವ್ಯಗಳಲ್ಲಿ ಸೇರಿಸಿತು. ಆದರೆ ಕರ್ತವ್ಯವನ್ನು ನೆರವೇರಿಸುವ ಕೈಗಳು ಎಷ್ಟಿದ್ದವು? 1943ರಲ್ಲಿ ನೇಮಕವಾಗಿ 1946ರಲ್ಲಿ ವರದಿ ಕೊಟ್ಟ ಭೋರ್ ಸಮಿತಿಯ ಲೆಕ್ಕದಂತೆ ಇಡೀ ಬ್ರಿಟಿಷ್ ಭಾರತದಲ್ಲಿ ಇದ್ದ ಮಿಡ್‌ವೈಫ್‌ಗಳು ಸುಮಾರು 5,000, ಆರೋಗ್ಯ ಸಂದರ್ಶಕಿಯರು ಸುಮಾರು 750. ವರ್ಷಕ್ಕೆ ಸುಮಾರು 2 ಲಕ್ಷ ತಾಯಂದಿರು ಬಸಿರು-ಹೆರಿಗೆಗಳ ಕಾರಣದಿಂದ ಸಾಯುತ್ತಾರೆ, ಎಂದರೆ ಸಾವಿರ ಹೆರಿಗೆಗಳಿಗೆ 20 ಸಾವು, ಎಂದು ಸಮಿತಿ ಅಂದಾಜು ಮಾಡಿತು. ಎಗ್ಮೋರಿನ ಆಸ್ಪತ್ರೆಯಲ್ಲಿ ದೀರ್ಘಕಾಲ ದುಡಿದು, ಹೆರಿಗೆ ವೈದ್ಯದ ಪ್ರಸಿದ್ಧ ಪಠ್ಯಗ್ರಂಥವನ್ನು 1938ರಲ್ಲಿ ಪ್ರಕಟಿಸಿದ ಡಾ. ಎ. ಲಕ್ಷ್ಮಣಸ್ವಾಮಿ ಮುದಲಿಯಾರರು ಆ ಸಮಿತಿಯ ಸದಸ್ಯರಾಗಿದ್ದರು. ಸಮಿತಿ ಶಿಫಾರಸು ಮಾಡಿದ ಪ್ರಾಥಮಿಕ ಆರೋಗ್ಯಕೇಂದ್ರದ ಕಲ್ಪನೆಯಲ್ಲಿ, ಮನೆಭೇಟಿಯನ್ನೇ ಆಧಾರವಾಗಿ ಮಾಡಿಕೊಂಡಿದ್ದ ಹಳೆಯ ಶಿಶುಕಲ್ಯಾಣ ಕೇಂದ್ರಗಳ ಅನುಭವ ಸೇರಿಕೊಂಡಿದೆಯೆಂದು ನಮ್ಮ ಅಭಿಪ್ರಾಯ.

8. ಉಪಸಂಹಾರ

ಶತಮಾನದ ಹಿಂದಿನ ಪ್ರಶ್ನೆಗಳಲ್ಲಿ ಒಂದಕ್ಕೆ ಉತ್ತರ ದೊರೆತಿದೆ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ತಮಿಳುನಾಡಿನ ಶೇ. 99.6ರಷ್ಟು, ಕರ್ನಾಟಕದ ಶೇ. 97ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲಿಯೇ ಆಗುತ್ತಿದ್ದವು. 2018-20ರ ಅವಧಿಯಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ ತಾಯಂದಿರ ಸಾವು ತಮಿಳುನಾಡಿನಲ್ಲಿ 54, ಕರ್ನಾಟಕದಲ್ಲಿ 69. ಭೋರ್ ಸಮಿತಿಯ ಅಂದಾಜನ್ನು ಇದೇ ಮಾನಕ್ಕೆ ತಂದರೆ ಅದು 2,000 ಆಗುತ್ತದೆ. ಇದು ಅಸಾಧಾರಣವಾದ ಸಾಧನೆ.

ಆದರೆ ಅದೇ ಸಮೀಕ್ಷೆ ಎರಡೂ ರಾಜ್ಯಗಳ ಗರ್ಭಿಣಿಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ರಕ್ತಹೀನರೆಂದು ತೋರಿಸಿತು; ಇಡೀ ದೇಶದಲ್ಲಿ ಈ ಪ್ರಮಾಣ ಶೇ. 52.2. ಹೆರಿಗೆ ಮನೆಯಿಂದ ಆಸ್ಪತ್ರೆಗೆ ಬಂದಿದೆ. ರಕ್ತಹೀನತೆಯೂ ಅವಳೊಡನೆ ಬಂದಿದೆ. ಆಸ್ಪತ್ರೆಯೊಂದೇ ಅಭಯವಲ್ಲವೆಂಬುದನ್ನು 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಶಸ್ತ್ರಕ್ರಿಯೆಯ ಹೆರಿಗೆಯ ಅನಂತರ ಬಾಣಂತಿಯರು ಒಬ್ಬರ ಹಿಂದೊಬ್ಬರು ಸತ್ತ ದುರಂತವೂ ನೆನಪಿಸಿತು. ತಮಿಳುನಾಡು 1987ರಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರ ಹೆಸರಿನಲ್ಲಿ ಬಡ ಗರ್ಭಿಣಿಯರಿಗೆ ಹಣದ ನೆರವನ್ನು ಆರಂಭಿಸಿದ್ದು, ಕರ್ನಾಟಕ 2017ರಲ್ಲಿ ‘ಮಾತೃಪೂರ್ಣ’ ಯೋಜನೆಯ ಮೂಲಕ ಅಂಗನವಾಡಿಯಲ್ಲಿ ಬಿಸಿಯೂಟವನ್ನು ಬಡಿಸತೊಡಗಿದ್ದು, ಬೋಧನೆಯಿಂದ ಪೋಷಣೆಯ ಕಡೆಗೆ ಇಟ್ಟ ಹೆಜ್ಜೆಗಳು. 1931ರಲ್ಲಿ ಪ್ರಯೋಗದಿಂದ ತಿಳಿದ ಸಂಗತಿ ಆಡಳಿತದ ಕಾರ್ಯಕ್ರಮವಾಗಲು ಇಷ್ಟು ಕಾಲ ಹಿಡಿದದ್ದೇಕೆ ಎಂಬುದು ಚರಿತ್ರೆಕಾರರು ಎತ್ತಬೇಕಾದ ಪ್ರಶ್ನೆ.

ಹೊರನಾಡಿನ ಕನ್ನಡ ಸಂಶೋಧಕರಿಗೆ ಇಲ್ಲಿ ಮೂರು ಕೆಲಸಗಳು ಕಾದಿವೆ. ಮೊದಲನೆಯದು, ದಕ್ಷಿಣ ಕನ್ನಡ, ಬಳ್ಳಾರಿ, ಕೊಳ್ಳೇಗಾಲಗಳ ಆರೋಗ್ಯ ಆಡಳಿತಕ್ಕೆ ಸಂಬಂಧಿಸಿದ ಕಡತಗಳನ್ನು ಮದರಾಸು ಸರ್ಕಾರದ ದಾಖಲೆಗಳಲ್ಲಿ ಗುರುತಿಸಿ ಪಟ್ಟಿ ಮಾಡುವುದು. ಎರಡನೆಯದು, ಸೂಲಗಿತ್ತಿ, ಬಾಣಂತಿ, ಪುರುಡು, ಎರೆಯುವುದು, ಮಾಸು ಮುಂತಾದ ಪದಗಳ ಪ್ರಾದೇಶಿಕ ರೂಪಗಳನ್ನು, ಅವುಗಳ ತಮಿಳು, ತುಳು, ತೆಲುಗು ಸಮಾನಪದಗಳೊಡನೆ ಸಂಗ್ರಹಿಸುವುದು. ಈ ಪದಗಳನ್ನು ಬಳಸುತ್ತಿದ್ದ ತಲೆಮಾರು ಮರೆಯಾಗುತ್ತಿದೆ. ಮೂರನೆಯದು, ಕಾರ್ಪೊರೇಷನ್ನಿನ ಮತ್ತು ಜಿಲ್ಲಾ ಬೋರ್ಡುಗಳ ಕೇಂದ್ರಗಳಲ್ಲಿ ದುಡಿದ ಮಿಡ್‌ವೈಫ್‌ಗಳ ಕುಟುಂಬಗಳಿಂದ ನೆನಪುಗಳನ್ನೂ ದಿನಚರಿಗಳನ್ನೂ ಪಡೆದು ಉಳಿಸುವುದು. 1844ರಲ್ಲಿ ಹುಟ್ಟಿದ ಹೆರಿಗೆ ಆಸ್ಪತ್ರೆಯೂ ತಮಿಳುನಾಡು ಸರ್ಕಾರದ ಪತ್ರಾಗಾರವೂ ಇಂದು ಎಗ್ಮೋರ್ ಎಂಬ ಒಂದೇ ಬಡಾವಣೆಯಲ್ಲಿವೆ. ಮೊದಲನೆಯದರಲ್ಲಿ ಎಷ್ಟೋ ಕನ್ನಡದ ಮಕ್ಕಳು ಕಣ್ಣುಬಿಟ್ಟಿದ್ದಾರೆ. ಎರಡನೆಯದರಲ್ಲಿ ಕನ್ನಡ ಜಿಲ್ಲೆಗಳ ತಾಯಂದಿರ ಕಡತಗಳನ್ನು ಬಿಡಿಸಿ ಓದುವ ಕೆಲಸಕ್ಕೆ ಕನ್ನಡ ಬಲ್ಲ ಸಂಶೋಧಕರು ಮುಂದಾಗಬೇಕಾಗಿದೆ.